ಎಂಟು ದೀಪ ಉರಿದರೆ ಖಾಲಿ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅಮ್ಮ ಎಲ್ಲರೆದುರೂ ಹೇಳುತ್ತಿದ್ದಳು. ಅದು ಪೂರ್ತಿ ನಿಜವಲ್ಲ. ನನಗೆ ಮೊದಲು ಬರುತ್ತಿದ್ದದ್ದು ಮಾತು. ಕೋಪ ಅದರ ಹಿಂದೆ ಓಡಿ ಬರುತ್ತಿತ್ತು. ಬುದ್ಧಿ ಎಲ್ಲಕ್ಕಿಂತ ಕೊನೆಗೆ, ಬಸ್ಸು ತಪ್ಪಿಸಿಕೊಂಡವರ ಹಾಗೆ ಏದುಸಿರು ಬಿಡುತ್ತಾ ಬರುತ್ತಿತ್ತು.

ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಗಲ್ಲಿಯಲ್ಲಿ ಅಪ್ಪನ ರೇಡಿಯೋ ರಿಪೇರಿ ಅಂಗಡಿ ಇತ್ತು. ಅಪ್ಪನ ಕೈ ನಡುಗಲು ಶುರುವಾದ ಮೇಲೆ, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿಕೊಂಡು ಮನೆಯಲ್ಲಿದ್ದ ನಾನು ಅವರ ಸ್ಟೂಲಿನ ಮೇಲೆ ಕೂತೆ. ತೊಂಬತ್ತರ ದಶಕದ ಕೊನೆಯ ವರ್ಷಗಳು ಅವು. ಟಿವಿ ಹೊತ್ತು ತಂದವರು ಒಳಗೆ ಇಣುಕಿ, "ಯಜಮಾನ್ರು ಇಲ್ವೇನಮ್ಮ?" ಎಂದು ಕೇಳುತ್ತಿದ್ದರು. "ನಾನೇ ಯಜಮಾನಿ, ಒಳಗೆ ತನ್ನಿ" ಎನ್ನುತ್ತಿದ್ದೆ. ಕೆಲವರು ತರುತ್ತಿದ್ದರು, ಕೆಲವರು ಟಿವಿಯನ್ನು ತಬ್ಬಿಕೊಂಡೇ ಮುಂದಿನ ಅಂಗಡಿಗೆ ಹೋಗುತ್ತಿದ್ದರು. ಹೋದವರ ಬೆನ್ನಿಗೆ ಒಂದು ಮಾತು ಎಸೆಯದಿದ್ದರೆ ಅವತ್ತು ನನಗೆ ಊಟ ಸೇರುತ್ತಿರಲಿಲ್ಲ.

ಭದ್ರಾವತಿಯ ನ್ಯೂ ಟೌನಿನಿಂದ ಬಂದ ಆ ಇಬ್ಬರು ಮಾತ್ರ ಯಜಮಾನರನ್ನು ಕೇಳಲಿಲ್ಲ. ಇಬ್ಬರೂ ಕಬ್ಬಿಣದ ಕಾರ್ಖಾನೆಯೊಂದರಿಂದ ಒಂದೇ ವರ್ಷ ನಿವೃತ್ತರಾದವರು. ಒಬ್ಬರು ಮೂವತ್ತು ವರ್ಷ ಕ್ರೇನ್ ಓಡಿಸಿದವರು. ಎತ್ತರದ ಆಳು, ಹಣೆಗೆ ಮೂರು ಬೆರಳಿನ ವಿಭೂತಿ. ಕಾರ್ಖಾನೆಯ ಸದ್ದಿಗೆ ಎಡಗಿವಿ ಪೂರ್ತಿ ಹೋಗಿ, ಬಲಗಿವಿಯೂ ಅರ್ಧಕ್ಕೆ ನಿಂತಿತ್ತು. ಇನ್ನೊಬ್ಬರು ಅದೇ ಕ್ರೇನಿನ ಕೆಳಗೆ ಫಿಟ್ಟರ್ ಆಗಿದ್ದವರು. ಮನೆಮಾತು ತಮಿಳು, ಕುಳ್ಳು, ಇಬ್ಬರ ಪಾಲಿನ ಮಾತನ್ನೂ ಒಬ್ಬರೇ ಆಡುತ್ತಿದ್ದರು. ನನ್ನ ಪಾಲಿಗೆ ಅವರು ಕ್ರೇನಿನವರು ಮತ್ತು ಫಿಟ್ಟರ್, ಕೊನೆಯವರೆಗೂ ಹಾಗೆಯೇ ಉಳಿದರು.

"ರಿಟೈರ್ ಆಗಿ ಮನೇಲಿ ಕೂತ್ರೆ ಹೆಂಡ್ತೀರು ದಿನಕ್ಕೆ ನಾಕ್ ಸಲ ಅಂಗಡಿಗೆ ಕಳಿಸ್ತಾರಮ್ಮಾ" ಎಂದರು ಫಿಟ್ಟರ್. "ಅದಕ್ಕೇ ನಾವಿಬ್ರೂ ಸೇರಿ ಒಂದು ವಿಡಿಯೋ ಗೇಮ್ ಮೆಷಿನ್ ಹಾಕಿದ್ವಿ. ವಿಮಾನ ಸುಡೋದು, ಗುಂಡು ಹೊಡೆದು. ಈಗ ಏನಾಗಿದೆ ಅಂದ್ರೆ, ವಿಮಾನಕ್ಕಿಂತ ಜೋರಾಗಿ ಮೆಷಿನ್ನೇ ಗುಂಯ್ ಅಂತಿದೆ."

"ನಂಗೇನೂ ಕೇಳ್ಸಲ್ಲಮ್ಮ" ಎಂದರು ಕ್ರೇನಿನವರು, ಕೇಳದವರೆಲ್ಲ ಮಾತಾಡುವಷ್ಟು ಜೋರಾಗಿ. "ಇವ್ನು ಹೇಳ್ತಾನೆ, ನಾನು ನಂಬ್ತೀನಿ."

ಬಸ್ಸಿನಲ್ಲಿ ಹೋಗಿ ನೋಡಿದೆ. ಚಹಾ ಹೋಟೆಲಿನ ಮಗ್ಗುಲಲ್ಲಿ ತಗಡಿನ ಶೆಡ್ಡು. ಒಳಗೆ ಆಳೆತ್ತರದ ಹಳೆಯ ಮರದ ಪೆಟ್ಟಿಗೆ, ಅದರ ಮುಂದೆ ಕಾಲೇಜು ಹುಡುಗರು, ಶಿಫ್ಟು ಮುಗಿಸಿ ಬಂದ ಕೆಲಸಗಾರರು. ಗುಂಯ್ ಎನ್ನುವ ಸದ್ದಿನ ಮೂಲ ಹುಡುಕುವುದು ಕಷ್ಟವಾಗಲಿಲ್ಲ. ಕರೆಂಟು ತಿಳಿಗೊಳಿಸುವ ಎರಡು ಕೆಪಾಸಿಟರುಗಳು ಹೊಟ್ಟೆ ಉಬ್ಬಿಸಿಕೊಂಡು ಕೂತಿದ್ದವು. ಅವನ್ನು ಬದಲಾಯಿಸಿದೆ. ನನ್ನ ಕಣ್ಣು ನೆಟ್ಟದ್ದು ಧೂಳಿನ ಮೇಲೆ. ಆ ಊರಿನ ಧೂಳಿನಲ್ಲಿ ಕಬ್ಬಿಣ ಇತ್ತು. ಸ್ಪೀಕರಿನ ಅಯಸ್ಕಾಂತಕ್ಕೆ ಕಪ್ಪು ಗಡ್ಡ ಬೆಳೆದಿತ್ತು. ಬೆರಳಿನಿಂದ ಎಳೆದರೆ ಗಡ್ಡ ಎದ್ದು ನಿಲ್ಲುತ್ತಿತ್ತು. ಹತ್ತು ನಿಮಿಷ ಅದರ ಜೊತೆ ಆಟವಾಡಿದೆ, ಸುಳ್ಳೇಕೆ ಹೇಳಲಿ.

"ಈ ಸರ್ಕ್ಯೂಟ್ ಬೋರ್ಡು ನಾನು ತಗೊಂಡು ಹೋಗ್ತೀನಿ. ಸ್ನಾನ ಮಾಡಿಸಿ ತರ್ತೀನಿ" ಎಂದೆ.

ಮಾರನೆಯ ದಿನ ಆಯುಧಪೂಜೆ. ಅಂಗಡಿಯ ಸ್ಕ್ರೂಡ್ರೈವರಿನಿಂದ ಹಿಡಿದು ಬೆಸುಗೆ ಹಾಕುವ ಕಡ್ಡಿಯವರೆಗೆ ಎಲ್ಲವನ್ನೂ ತೊಳೆದು ಸಾಲಾಗಿ ಜೋಡಿಸುವುದು ನಮ್ಮ ಮನೆಯ ಪದ್ಧತಿ. ಆ ಸಾಲಿಗೆ ಬೋರ್ಡನ್ನೂ ಸೇರಿಸಿದೆ. ಬ್ರಷ್ಷು, ಸ್ಪಿರಿಟ್ಟು ಹಿಡಿದು ಉಜ್ಜಿದೆ. ಅದರ ದೊಡ್ಡ ಐಸಿ ಚಿಪ್ಪುಗಳ ನೆತ್ತಿಯ ಮೇಲೆ ಅಂಚು ಕಪ್ಪಾದ, ಅರ್ಧ ಮೇಲೆದ್ದ ಬೆಳ್ಳಿ ಬಣ್ಣದ ಸ್ಟಿಕ್ಕರುಗಳಿದ್ದವು. ಹಬ್ಬದ ದಿನ ಕೊಳೆ ಇಟ್ಟುಕೊಂಡು ಯಾರಾದರೂ ಪೂಜೆ ಮಾಡುತ್ತಾರೆಯೇ? ಎಲ್ಲವನ್ನೂ ಉಗುರಿನಿಂದ ಕಿತ್ತು ಹಾಕಿದೆ.

ಕಿತ್ತರೆ, ಅರೆ! ಪ್ರತಿಯೊಂದರ ಕೆಳಗೂ ಒಂದು ಪುಟ್ಟ ದುಂಡು ಗಾಜಿನ ಕಿಟಕಿ. ಭೂತಗನ್ನಡಿ ಹಿಡಿದು ನೋಡಿದೆ. ಒಳಗೆ ಅಕ್ಕಿ ನುಚ್ಚಿನಷ್ಟು ಒಂದು ಚೂರು, ಅದರ ಮೈತುಂಬ ನವಿಲುಗರಿಯ ಬಣ್ಣ, ಸುತ್ತ ಕೂದಲಿಗಿಂತ ಸಣ್ಣ ಚಿನ್ನದ ಎಳೆಗಳು. ಅಮ್ಮನನ್ನು ಕರೆದು ತೋರಿಸಿದೆ. "ಇಷ್ಟು ಚಂದದ್ದನ್ನ ಯಾವ ಪುಣ್ಯಾತ್ಮ ಕಾಗದ ಅಂಟಿಸಿ ಮುಚ್ಚಿಟ್ಟಿದ್ನೋ!" ಎಂದು ಬೈದೆ ಕೂಡ. ಚಿಪ್ಪಿಗೆ ಕಿಟಕಿ ಯಾಕೆ ಬೇಕು ಎಂಬ ಪ್ರಶ್ನೆ ಎದ್ದಿತ್ತು, ಹೌದು. ಒಳಗೆ ಸರಿಯಾಗಿದೆಯೋ ಎಂದು ಇಣುಕಿ ನೋಡಲು ಇಟ್ಟಿರಬೇಕೆಂದು ನನಗೆ ನಾನೇ ಉತ್ತರ ಕೊಟ್ಟುಕೊಂಡು, ಕಿಟಕಿಗೆ ತಾಗದ ಹಾಗೆ ಬೆಂಕಿಕಡ್ಡಿಯಲ್ಲಿ ಒಂದೊಂದು ಚಿಪ್ಪಿಗೂ ಕುಂಕುಮದ ಬೊಟ್ಟು ಇಟ್ಟೆ. ಮಾರನೆಯ ದಿನ ಒರೆಸಿ ತೆಗೆದು ಭದ್ರಾವತಿಗೆ ಒಯ್ದೆ.

ಬೋರ್ಡು ಕೂರಿಸುವಾಗ ಇನ್ನೊಂದು ಜಾಣತನ ಮಾಡಿದೆ. ಪೆಟ್ಟಿಗೆಯ ಹಿಂಬದಿಗೆ ಹಲಗೆ ಬಾಗಿಲಿತ್ತು, ಒಳಗೆ ಒಲೆಯ ಹಾಗೆ ಕಾಯುತ್ತಿತ್ತು. "ಈ ಹಲಗೆ ತೆಗೀರಿ, ಜಾಲರಿ ಬಾಗಿಲು ಹಾಕ್ಸಿ. ಗಾಳಿ ಆಡ್ಲಿ" ಎಂದೆ. ಫಿಟ್ಟರ್ ಎರಡೇ ದಿನದಲ್ಲಿ ತಮ್ಮ ಕೈಯಾರೆ ಕಬ್ಬಿಣದ ಜಾಲರಿಯ ಬಾಗಿಲು ಮಾಡಿ, ಬೀಗ ಹಾಕಿದರು. ಕ್ರೇನಿನವರು ಕೀಲಿ ಕಳೆಯುವುದರಲ್ಲಿ ಹೆಸರುವಾಸಿ, ಆದ್ದರಿಂದ ಕೀಲಿ ಫಿಟ್ಟರ್ ಸೊಂಟದಲ್ಲೇ ಇರುತ್ತಿತ್ತು. ಚಿಪ್ಪನ್ನು ಕಾಲು ಮುರಿಯದೆ ಎಬ್ಬಿಸುವುದನ್ನೂ ಅವರಿಗೆ ಕಲಿಸಿ, ಅದಕ್ಕೆಂದೇ ಇದ್ದ ನನ್ನ ಚಿಮಟವನ್ನು ಕೊಟ್ಟು ಬಂದೆ. ಸಡಿಲವಾದರೆ ಒಮ್ಮೆ ಎಬ್ಬಿಸಿ ಕೂರಿಸಿದರೆ ಸಾಕು, ಪ್ರತಿಸಲ ನಾನು ಬರಬೇಕಿಲ್ಲ ಎಂದು.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಕ್ರೇನಿನವರು ಒಬ್ಬರೇ ಬಂದರು. ಫಿಟ್ಟರ್ ಅಕ್ಕನ ಮಗಳ ಮದುವೆಗೆ ಸೇಲಂಗೆ ಹೋಗಿದ್ದರು, ಹೊರಡುವ ದಿನ ಬೀಗದ ಜೋಡಿ ಕೀಲಿಯನ್ನು ಇವರ ಕೈಗೆ ಕೊಟ್ಟು.

"ಮೂರು ವಾರದಿಂದ ಬಾಂಬು ಬಿದ್ರೆ ಕೆಮ್ಮಿದ ಹಾಗೆ ಕೇಳ್ತಿತ್ತಂತೆ. ಆಮೇಲೆ ಹಾಡು ಅಪಸ್ವರ ಆಯ್ತಂತೆ. ಈಗ ಪೂರ್ತಿ ಮೂಕ ಅಂತ ಆಡೋರು ಹೇಳ್ತಾರೆ. ಸದ್ದಿಲ್ಲ ಅಂತ ಯಾರೂ ಆಡ್ತಿಲ್ಲ ಮಾರಾಯ್ತಿ."

ಹೋದೆ. ಸದ್ದು ಹೋದರೆ ಬಾಯಿಂದ ಗಂಟಲಿಗೆ, ಗಂಟಲಿಂದ ತಲೆಗೆ ಹುಡುಕಿಕೊಂಡು ಹೋಗಬೇಕೆಂದು ಅಪ್ಪ ಕಲಿಸಿದ್ದರು. ಸ್ಪೀಕರಿಗೆ ಟಾರ್ಚಿನ ಶೆಲ್ಲು ಮುಟ್ಟಿಸಿದೆ, ಟಕ್ ಎಂದಿತು. ಬಾಯಿ ಸರಿ. ಆಂಪ್ಲಿಫೈಯರಿನ ವಾಲ್ಯೂಮ್ ಕಾಲಿಗೆ ಬೆರಳು ತಾಗಿಸಿದೆ, ಭೂಂ ಎಂದು ಗರ್ಜಿಸಿತು. ಗಂಟಲೂ ಸರಿ. ಹಾಗಾದರೆ ಏನು ಹಾಡಬೇಕೆಂಬುದೇ ಅದಕ್ಕೆ ನೆನಪಿಲ್ಲ. ಮೆಷಿನ್ನಿಗೆ ಎರಡು ಥರದ ನೆನಪು. ಒಂದು ಸ್ಲೇಟು, ಬರೆದು ಅಳಿಸಿ ಬರೆಯುವುದು. ಇನ್ನೊಂದು ಶಾಸನ, ಕೆತ್ತಿದರೆ ಮುಗಿಯಿತು. ಹಾಗೆಂದು ನಮಗೆ ಪಾಠ ಮಾಡಿದ ಮೇಷ್ಟ್ರು ಹೇಳಿದ್ದರು, ನಾನು ಹಾಗೆಯೇ ನಂಬಿದ್ದೆ. ಸ್ಲೇಟಿನ ಚಿಪ್ಪು ಬದಲಾಯಿಸಿ ನೋಡಿದೆ, ಪ್ರಯೋಜನವಾಗಲಿಲ್ಲ. ಉಳಿದದ್ದು ಸದ್ದಿನ ಶಾಸನ. ಅದನ್ನು ಎಬ್ಬಿಸಿ, ಕ್ರೇನಿನವರನ್ನೂ ಕರೆದುಕೊಂಡು ಶಿವಮೊಗ್ಗಕ್ಕೆ ಬಂದೆ.

ಚಿಪ್ಪು ಓದಲು ನಾನೇ ಮಾಡಿಕೊಂಡ ಒಂದು ಹಲಗೆ ಇತ್ತು. ಹದಿಮೂರು ಸ್ವಿಚ್ಚು, ಎಂಟು ಕೆಂಪು ದೀಪ. ಸ್ವಿಚ್ಚು ಒತ್ತಿ ಯಾವ ಮನೆ ಬೇಕೋ ಹೇಳಿದರೆ, ಆ ಮನೆಯಲ್ಲಿ ಬರೆದದ್ದನ್ನು ದೀಪಗಳು ತೋರಿಸುತ್ತಿದ್ದವು. ಕೆಲವು ಉರಿದು ಕೆಲವು ಆರಿದ್ದರೆ ಅಲ್ಲಿ ಬರಹ ಇದೆ ಎಂದರ್ಥ. ಎಂಟೂ ಉರಿದರೆ ಖಾಲಿ. ವಿಚಿತ್ರ ಅನಿಸಬಹುದು, ಆದರೆ ಇಂಥ ಚಿಪ್ಪು ಹೊಸದಾಗಿ ಬರುವುದೇ ಎಲ್ಲ ದೀಪ ಹೊತ್ತಿಸಿಕೊಂಡು. ಬರೆಯುವುದೆಂದರೆ ಬೇಕಾದ ದೀಪಗಳನ್ನು ಆರಿಸುವುದು.

ಒಂದನೆಯ ಮನೆ, ಎಂಟೂ ಉರಿದವು. ಹತ್ತನೆಯದು, ಎಂಟೂ. ನೂರು, ಐನೂರು, ಕೊನೆಯದು. ಎಲ್ಲಿ ನೋಡಿದರೂ ದೀಪಾವಳಿ.

"ಇದು ಖಾಲಿ ಚಿಪ್ಪು" ಎಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. "ಹೊಸಾ ಖಾಲಿ ಚಿಪ್ಪು. ಯಾರೋ ಒಳ್ಳೇದನ್ನ ಕಿತ್ಕೊಂಡು ಇದನ್ನ ಕೂರ್ಸಿದ್ದಾರೆ. ಕೀಲಿ ಯಾರ ಹತ್ರ ಇರುತ್ತೆ?"

"ಅವನ ಹತ್ರ."

"ಚಿಪ್ಪು ಕೀಳೋಕೆ ಯಾರಿಗೆ ಬರುತ್ತೆ?"

"ಅವನಿಗೇ. ನೀವೇ ಕಲ್ಸಿದ್ರಲ್ಲಮ್ಮ."

"ಹಂಗಾದ್ರೆ ನೀವೇ ಯೋಚ್ನೆ ಮಾಡಿ" ಎಂದೆ. ಪತ್ತೇದಾರಿಕೆ ಮಾಡಿದ ಹೆಮ್ಮೆ ಬೇರೆ ನನಗೆ. ಫಿಟ್ಟರ್ ಭಾವಮೈದ ಬೆಂಗಳೂರಿನಲ್ಲಿ ಇಂಥವೇ ಮೆಷಿನ್ನುಗಳ ವ್ಯವಹಾರದಲ್ಲಿದ್ದ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಕ್ರೇನಿನವರು ಎದ್ದು ಹೋದರು.

ಹತ್ತು ದಿನವಾಗಿರಬೇಕು. ಫಿಟ್ಟರ್ ಅಂಗಡಿಗೆ ಬಂದರು. ಸದಾ ಬಾಗಿಲಿನಿಂದಲೇ ಮಾತು ಶುರು ಮಾಡುತ್ತಿದ್ದ ಮನುಷ್ಯ, ಅವತ್ತು ಸುಮ್ಮನೆ ಬಂದು ನನ್ನ ಚಿಮಟವನ್ನು ಮೇಜಿನ ಮೇಲೆ ಇಟ್ಟರು.

"ನಿಮ್ಮ ಸಾಮಾನು ಎಣಿಸ್ಕೊಳ್ಳಿ. ನನ್ನ ಹತ್ರ ಇದ್ರೆ ಇದನ್ನೂ ಕದ್ದೆ ಅಂತಾರೆ."

ಸೇಲಂನಿಂದ ಬಂದವರು ಶೆಡ್ಡಿಗೆ ಹೋಗಿ ಜಾಲರಿಯ ಬಾಗಿಲಿಗೆ ಕೀಲಿ ಹಾಕಿದ್ದಾರೆ. ತಿರುಗಲಿಲ್ಲ. ಬೀಗವೇ ಬೇರೆ. ಕಾರಣವನ್ನು ಹೇಳಿದ್ದು ಪಕ್ಕದ ಚಹಾ ಹೋಟೆಲಿನವರು.

"ಮೂವತ್ತು ವರ್ಷ, ಅಮ್ಮಾ. ಅವನು ಮೇಲೆ ಕ್ರೇನಲ್ಲಿ ಕಾದ ಕಬ್ಬಿಣ ತೂಗಾಡಿಸೋನು, ನಾನು ಕೆಳಗೆ ನಿಲ್ಲೋನು. ಒಂದಿನ ತಲೆ ಎತ್ತಿ ನೋಡಿಲ್ಲ ನಾನು. ಅವನು ಇದಾನೆ ಅಂತ." ಅವರು ತೋಳಿನಿಂದ ಕಣ್ಣೊರೆಸಿಕೊಂಡರು. "ನಿಮ್ಮ ಯುಗಾದಿ ಮುಗಿದ ವಾರ ಸೇಲಂಗೇ ಹೊರಟ್ಹೋಗ್ತೀನಿ, ಅಕ್ಕನ ಊರಿಗೆ. ಮನೆ ಬಿಡ್ತೀನಿ ಅಂತ ಓನರ್‌ಗೆ ಹೇಳಾಯ್ತು. ಈ ಊರು ಸಾಕು ದೇವ್ರೇ, ಕಡವುಳೇ."

ಅವರು ಹೋದ ಮೇಲೆ ಚಿಮಟವನ್ನು ಡಬ್ಬಿಗೆ ಹಾಕಲು ಹೋದೆ. ಕದ್ದವರು ಹಾಗೆ ಅಳುತ್ತಾರೆಯೇ? ಆ ಖಾಲಿ ಚಿಪ್ಪು ಇನ್ನೂ ನನ್ನ ಡಬ್ಬಿಯಲ್ಲೇ ಇತ್ತು. ತೆಗೆದು ಭೂತಗನ್ನಡಿ ಹಿಡಿದೆ. ಚಿಪ್ಪಿನ ಒಂದು ತುದಿಯಲ್ಲಿ, ಯಾವ ಕಡೆ ಮುಂದೆ ಎಂದು ಗುರುತಿಗೆ, ಅರ್ಧಚಂದ್ರದ ಸಣ್ಣ ಕಚ್ಚು ಇರುತ್ತದೆ. ಆ ಕಚ್ಚಿನ ಮೂಲೆಯಲ್ಲಿ ಕೆಂಪಗೆ ಏನೋ ಇತ್ತು. ಸೂಜಿಯಿಂದ ಕೆರೆದೆ. ಕುಂಕುಮ! ಯಾರೂ ಏನೂ ಬದಲಾಯಿಸಿರಲಿಲ್ಲ. ನಾನೇ ಪೂಜೆ ಮಾಡಿದ ಚಿಪ್ಪು ಅದು. ಅಯ್ಯೋ ನನ್ನ ಬಾಯಿಗಿಷ್ಟು ಬೆಂಕಿ ಹಾಕ!

ಇನ್ನೊಂದು ಸಂಗತಿ ಆಗ ಹೊಳೆಯಿತು. ಕಿತ್ತು ಬೇರೆಯದನ್ನು ಕೂರಿಸಿದ್ದರೆ ಮೆಷಿನ್ನು ಅದೇ ದಿನ ಮೂಕವಾಗಬೇಕಿತ್ತು. ಮೂರು ವಾರ ಕೆಮ್ಮಿದ್ದೇಕೆ? ಶಾಸನ ಸ್ವಲ್ಪ ಸ್ವಲ್ಪವಾಗಿ ಅಳಿಸಿ ಹೋಗುವುದುಂಟೆ? ನಾಚಿಕೆ ಒಂದು ಕಡೆ, ಆದರೆ ನಿಜ ಹೇಳುತ್ತೇನೆ, ಅದಕ್ಕಿಂತ ಹೆಚ್ಚಾಗಿ ಇದು ಹೇಗಾಯಿತೆಂಬ ಕುತೂಹಲ ನನ್ನನ್ನು ಕೂರಲು ಬಿಡಲಿಲ್ಲ. ಮಧ್ಯಾಹ್ನದ ಬಸ್ಸು ಹತ್ತಿದೆ.

ಶೆಡ್ಡಿನಲ್ಲಿ ಕ್ರೇನಿನವರು ಒಬ್ಬರೇ ಕೂತಿದ್ದರು. ಎರಡು ಕುರ್ಚಿಗಳಲ್ಲಿ ಒಂದನ್ನು ಮಡಚಿ ಗೋಡೆಗೆ ಒರಗಿಸಿದ್ದರು. ನಾನು ಮೆಷಿನ್ನಿನ ಹಿಂದೆ ಹೋದೆ. ನಾಲ್ಕು ಗಂಟೆಯ ಹೊತ್ತು. ಶೆಡ್ಡಿನ ಹಿಂದಿನ ಕಿಂಡಿಯಿಂದ ಪಡುವಣ ಬಿಸಿಲು ನೇರವಾಗಿ ಬಂದು, ಜಾಲರಿ ದಾಟಿ, ಬೋರ್ಡಿನ ಮೇಲೆ ಚೌಕ ಚೌಕವಾಗಿ ಬಿದ್ದಿತ್ತು. ಉಳಿದ ಚಿಪ್ಪುಗಳು ಆಚೆ ಬದಿಯ ನೆರಳಿನಲ್ಲಿದ್ದವು. ಸದ್ದಿನ ಚಿಪ್ಪಿನ ಖಾಲಿ ಜಾಗ ಮಾತ್ರ ನಡು ಬಿಸಿಲಿನಲ್ಲಿತ್ತು.

ಅಲ್ಲೇ ನಿಂತ ಹಾಗೆ ನನಗೆ ನನ್ನದೇ ಕೈಬರಹ ಕಣ್ಣ ಮುಂದೆ ಬಂತು. ಡಿಪ್ಲೊಮಾ ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. ಇಂಥ ನೆನಪಿನ ಚಿಪ್ಪನ್ನು ಅಳಿಸುವುದು ಹೇಗೆ? "ಅದರ ಗಾಜಿನ ಕಿಟಕಿಯ ಮೂಲಕ ನೇರಳಾತೀತ ಬೆಳಕು ಹಾಯಿಸಬೇಕು." ಎರಡಕ್ಕೆ ಎರಡು ಅಂಕ ಬಂದಿತ್ತು. ಬರೆದವಳಿಗೆ ಆ ಕಿಟಕಿ ಹೇಗಿರುತ್ತದೆಂದು ಗೊತ್ತಿರಲಿಲ್ಲ. ಕಿಟಕಿ ಕಣ್ಣಿಗೆ ಬಿದ್ದಾಗ ಬರೆದದ್ದು ನೆನಪಾಗಲಿಲ್ಲ. ಆ ಕೊಳಕು ಸ್ಟಿಕ್ಕರು ಕಿಟಕಿಗೆ ಹಾಕಿದ ಬಾಗಿಲು. ಅದನ್ನು ಕಿತ್ತವಳು ನಾನು, ಹಲಗೆ ತೆಗೆಸಿದವಳು ನಾನು. ಬಿಸಿಲು ಪಾಪ ತನ್ನ ಕೆಲಸ ಮಾಡಿತ್ತು.

ಅವತ್ತೇ ಕ್ರೇನಿನವರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಖಾತ್ರಿಯಾಗದೆ ಬಾಯಿ ಬಿಟ್ಟು ಒಮ್ಮೆ ಕೆಡಿಸಿದ್ದೆ, ಇನ್ನೊಮ್ಮೆ ಬೇಡ ಎಂದುಕೊಂಡೆ. ಅದು ಅರ್ಧ ಕಾರಣ. ಇನ್ನರ್ಧ, ಇದು ಸುಳ್ಳಾಗಲಿ ಎಂಬ ಆಸೆ.

ಗುಜರಿಯಿಂದ ತಂದ ಹಳೆಯ ಬೋರ್ಡಿನಲ್ಲಿ ಬರಹವಿದ್ದ ಎರಡು ಕಿಟಕಿ ಚಿಪ್ಪುಗಳಿದ್ದವು. ಒಂದಕ್ಕೆ ಸ್ಟಿಕ್ಕರ್ ಅಂಟಿಸಿದೆ, ಇನ್ನೊಂದನ್ನು ಹಾಗೇ ಬಿಟ್ಟೆ. ಅಮ್ಮ ತಾರಸಿಯ ಮೇಲೆ ಸಂಡಿಗೆ ಒಣಗಿಸಿದ್ದಳು, ಅದರ ಪಕ್ಕದಲ್ಲಿ ಇಟ್ಟೆ.

"ಇದ್ಯಾವ ಹೊಸ ಥರದ ಸಂಡಿಗೆನೇ?" ಎಂದಳು ಅಮ್ಮ.

"ಕರಿದು ತಿನ್ನೋದಲ್ಲ. ಕಾಗೆ ಎತ್ಕೊಂಡು ಹೋಗದ ಹಾಗೆ ನೋಡ್ಕೋ."

ದಿನಾ ಸಂಜೆ ಎರಡನ್ನೂ ಹಲಗೆಯ ಮೇಲೆ ಓದುತ್ತಿದ್ದೆ. ಮೊದಲ ವಾರ ಏನೂ ಆಗಲಿಲ್ಲ. ನನಗೆ ಜೀವ ಬಂತು. ಎಂಟನೆಯ ದಿನ ಕಿಟಕಿ ತೆರೆದ ಚಿಪ್ಪಿನ ಒಂದು ಮನೆಯಲ್ಲಿ, ಆರಿರಬೇಕಾದ ದೀಪವೊಂದು ಮಿಣಮಿಣ ಎಂದಿತು. ಬೆಚ್ಚಗಿದ್ದಾಗ ಉರಿಯುವುದು, ತಣ್ಣಗಾದರೆ ಆರುವುದು. ಕೆಮ್ಮು ಎಂದರೆ ಇದೇ! ಆ ಕ್ಷಣ, ದೇವರಾಣೆ, ನನಗೆ ಕುಣಿಯುವಷ್ಟು ಸಂತೋಷವಾಯಿತು. ಆಮೇಲೆ ಅದರರ್ಥ ನೆನಪಾಯಿತು. ಹನ್ನೆರಡನೆಯ ದಿನ ಎಲ್ಲಿ ನೋಡಿದರೂ ಎಂಟು ದೀಪ. ಸ್ಟಿಕ್ಕರ್ ಅಂಟಿಸಿದ್ದರಲ್ಲಿ ಒಂದಕ್ಷರವೂ ಅಳಿಸಿರಲಿಲ್ಲ.

ಶಿವಮೊಗ್ಗದ ಬಸ್ ನಿಲ್ದಾಣದ ಹತ್ತಿರ ಅದೇ ಆಟದ ಮೆಷಿನ್ನು ಇಟ್ಟವರೊಬ್ಬರಿದ್ದರು. ಅವರಿಂದ ಸದ್ದಿನ ಚಿಪ್ಪನ್ನು ಒಂದು ದಿನದ ಮಟ್ಟಿಗೆ ಬೇಡಿ ತಂದು, ನಮ್ಮ ಹಳೆಯ ಮೇಷ್ಟ್ರ ಲ್ಯಾಬಿನ ಕಂಪ್ಯೂಟರಿನಲ್ಲಿ ನಮ್ಮ ಖಾಲಿ ಚಿಪ್ಪಿಗೆ ನಕಲು ಮಾಡಿಸಿಕೊಂಡೆ. ಕಿಟಕಿಗೆ ಎರಡು ಸುತ್ತು ಕಪ್ಪು ಟೇಪು ಅಂಟಿಸಿದೆ. ಅಷ್ಟರಲ್ಲಿ ಯುಗಾದಿ ಮುಗಿದು ಐದು ದಿನವಾಗಿತ್ತು.

ಬೆಳಗಿನ ಮೊದಲ ಬಸ್ಸಿಗೆ ಹೋದೆ. ಫಿಟ್ಟರ್ ಮನೆ ಮುಂದೆ ಆಟೋ ನಿಂತಿತ್ತು, ಅದರ ಹಿಂದಿನ ಸೀಟಿನ ಮೇಲೆ ಕಬ್ಬಿಣದ ಟ್ರಂಕು. ಹೆಂಡತಿಯನ್ನು ಹಿಂದಿನ ದಿನವೇ ಕಳಿಸಿದ್ದರು. "ಶೆಡ್ಡಿಗೆ ಐದು ನಿಮಿಷ ಬನ್ನಿ" ಎಂದೆ. ಬರುವುದಿಲ್ಲ ಎಂದರು. "ನಿಮಗೋಸ್ಕರ ಅಲ್ಲ, ನಂಗೋಸ್ಕರ ಬನ್ನಿ. ಕಾಲಿಗೆ ಬೀಳ್ತೀನಿ" ಎಂದೆ. ನನ್ನ ಬಾಯಲ್ಲಿ ಅಂಥ ಮಾತು ಕೇಳಿ ಅವರಿಗೇ ಗಾಬರಿಯಾಗಿರಬೇಕು, ಆಟೋ ಹತ್ತಿದರು.

ಕ್ರೇನಿನವರು ಫಿಟ್ಟರನ್ನು ನೋಡಿ ಎದ್ದು ನಿಂತರು, ಆಮೇಲೆ ಬೇರೆ ಕಡೆ ನೋಡಿದರು. ಫಿಟ್ಟರ್ ಹೊಸ್ತಿಲು ದಾಟಲಿಲ್ಲ. ನಾನು ಚಿಪ್ಪು ಕೂರಿಸಿ ಸ್ವಿಚ್ಚು ಹಾಕಿದೆ. ಶೆಡ್ಡು ತುಂಬ ಹಾಡು ಮೊಳಗಿತು, ಬಾಂಬು ಬಿತ್ತು, ತಗಡು ಅದುರಿತು. ಫಿಟ್ಟರ್ ಮುಖ ತಾನಾಗಿ ಅರಳಿತು. ಕ್ರೇನಿನವರು ಮೆಷಿನ್ನನ್ನು ನೋಡುತ್ತಿರಲಿಲ್ಲ, ಫಿಟ್ಟರ್ ಮುಖವನ್ನು ನೋಡುತ್ತಿದ್ದರು. ಸದ್ದು ಬಂತೆಂದು ಅವರಿಗೆ ಗೊತ್ತಾದದ್ದು ಅಲ್ಲಿಂದ.

ನಾನು ಮೆಷಿನ್ನು ಆರಿಸಿ ಎಲ್ಲವನ್ನೂ ಹೇಳಿದೆ. ಕ್ರೇನಿನವರ ಬಲಗಿವಿಗೆ ಕೇಳುವಂತೆ ಕೂಗಿ ಹೇಳಬೇಕಿತ್ತು, ಹಾಗಾಗಿ ಹೋಟೆಲಿನಲ್ಲಿದ್ದವರಿಗೂ ಕೇಳಿಸಿತು. ಸ್ಟಿಕ್ಕರು ಕಿತ್ತದ್ದು, ಹಲಗೆ ತೆಗೆಸಿದ್ದು, ಬಿಸಿಲು, ಕುಂಕುಮ, ತಾರಸಿಯ ಮೇಲೆ ಇಟ್ಟದ್ದು. "ಚಿಪ್ಪನ್ನ ಯಾರೂ ಮುಟ್ಟಿಲ್ಲ. ಖಾಲಿ ಮಾಡಿದ್ದು ನಾನು. ಇವರ ಮೇಲೆ ಹಾಕಿದ್ದೂ ನಾನೇ" ಎಂದೆ. ಬೈಯಲಿ ಎಂದು ಕಾದೆ.

ಫಿಟ್ಟರ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಅವಳಿಗೆ ನಾನು ಯಾರು? ಅವಳು ಏನು ಬೇಕಾದ್ರೂ ಅಂದ್ಕೋಬಹುದು" ಎಂದರು ಕ್ರೇನಿನವರಿಗೆ. "ನೀನು ಒಂದು ಮಾತು ಕೇಳ್ಬಹುದಿತ್ತಲ್ಲಪ್ಪಾ? ಬೀಗ ಬದಲಾಯಿಸಿದೆ. ಕೇಳ್ಲಿಲ್ಲ."

"ಕೇಳಿದ್ರೆ ನೀನು ಹೂಂ ಅಂದ್ಬಿಟ್ರೆ ಅಂತ ಹೆದರ್ದೆ ಕಣೋ" ಎಂದರು ಕ್ರೇನಿನವರು. ಅವರ ಆ ದೊಡ್ಡ ಧ್ವನಿ ಅವತ್ತು ಎಲ್ಲಿ ಹೋಗಿತ್ತೋ.

ಹೊರಗೆ ಆಟೋದವನು ಹಾರ್ನ್ ಒತ್ತಿದ. ಫಿಟ್ಟರ್ ಒಳಗೆ ಬಂದು ಅವರೆದುರು ನಿಂತರು. ಎತ್ತರದ ಮನುಷ್ಯನ ಮುಖ ನೋಡಲು ಕತ್ತು ಪೂರ್ತಿ ಎತ್ತಬೇಕಾಯಿತು.

"ಈಗ ಕೇಳು."

"ಬೇಡ ಬಿಡೋ ಮಾರಾಯ. ಆಯ್ತಲ್ಲ, ಗೊತ್ತಾಯ್ತಲ್ಲ."

"ಈ ಹುಡುಗಿ ಹೇಳಿದ್ದು ಬೇರೆ. ನೀನು ನನ್ನ ಕೇಳ್ಬೇಕು. ಕೇಳು."

ಕ್ರೇನಿನವರು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡರು.

"ತಗೊಂಡ್ಯೇನೋ?"

"ಇಲ್ಲ" ಎಂದರು ಫಿಟ್ಟರ್. ಮೆಲ್ಲಗೆ ಹೇಳಿದರು, ಕಿವಿ ಕೇಳದವರಿಗೆ ಹೇಳುವ ಹಾಗಲ್ಲ. ಕ್ರೇನಿನವರು ತಲೆಯಾಡಿಸಿದರು.

ಆಮೇಲೆ ಇಬ್ಬರೂ ಹೊರಗೆ ಹೋಗಿ, ಟ್ರಂಕಿನ ಒಂದೊಂದು ಹಿಡಿ ಹಿಡಿದು ಆಟೋದಿಂದ ಕೆಳಗಿಳಿಸಿದರು.